ಎಡೆಗೆ ಕೂತ ಬೂಟುಗಾಲಿನ ತಾತ

ರಬ್ಬರ್ ಪೈಪು ತರುತ್ತೇನೆಂದು ಹೋದ ವಿಜಯ್ ಕುಮಾರ್ ಒಬ್ಬ ಇಂಗ್ಲಿಷ್ ದೊರೆಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದ.

ಪೈಪು ಬೇಕಾಗಿದ್ದದ್ದೇನೋ ನಿಜ. ಆಗಸ್ಟಿನ ಬಿಸಿಲು ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಅಮೆರಿಕದ ಲಿವೋನಿಯಾದ ಆ ಬಡಾವಣೆಯಲ್ಲಿ ಅವನ ಮನೆಯ ಮುಂದಿನ ಹುಲ್ಲು ಮಾತ್ರ ಕುರಿಮಂದೆ ಹಾದುಹೋದ ಬೀಳಿನಂತೆ ಕಾಣುತ್ತಿತ್ತು. ಹಿಂದಿನ ಬೀದಿಯಲ್ಲಿ ಯಾರೋ ಮುದುಕಿ ತೀರಿಕೊಂಡು, ಮಕ್ಕಳು ಮನೆಯ ಸಾಮಾನನ್ನೆಲ್ಲ ಮಾರಾಟಕ್ಕಿಟ್ಟಿದ್ದರು. ಅಲ್ಲಿನ ಗರಾಜಿನ ಮೂಲೆಯಲ್ಲಿ, ಪೈಪಿನ ಸುರುಳಿಯ ಹಿಂದೆ, ಕಟ್ಟು ಹಾಕಿಸಿದ ಹಳೆಯ ಚಿತ್ರವೊಂದು ಗೋಡೆಗೆ ಒರಗಿ ನಿಂತಿತ್ತು. ದೊಡ್ಡ ತಲೆ, ಸಣ್ಣ ಕಾಲು. ತುದಿ ದಪ್ಪಗಾದ ಬದನೆಕಾಯಿಯಂಥ ಮೂಗು. ಮುಂದಕ್ಕೆ ಬಂದ ಹೊಟ್ಟೆಯ ಮೇಲೆ ಮಂಡಿಯವರೆಗಿನ ಕರಿಕೋಟು, ಕಂಕುಳಲ್ಲಿ ಕೊಡೆ, ಕಾಲಲ್ಲಿ ಮಿರಿಮಿರಿ ಬೂಟು. ಒಂದು ಕೈ ಬಿಳಿಯ ವಸ್ತ್ರದ ಅಡಿಯಲ್ಲಿ ಮರೆಯಾಗಿತ್ತು. ಕೆಳಗೆ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ‘ಸಿಟಿಯ ಭಾರಿ ಕುಳ’ ಎಂಬರ್ಥದ ಒಂದು ಸಾಲು.

ಪೈಪು ಅಲ್ಲಿಯೇ ಉಳಿಯಿತು.

ಇದಕ್ಕೆಲ್ಲ ಕಾರಣ ಎರಡು ಮನೆ ಆಚೆಯ ರವಿಶಂಕರರು. ಮೈಸೂರಿನವರು, ಆಬರ್ನ್ ಹಿಲ್ಸ್‌ನ ಕಾರು ಕಂಪನಿಯಲ್ಲಿ ದೊಡ್ಡ ಹುದ್ದೆ. ಅವರ ಹಾಲಿನ ಗೋಡೆಯಲ್ಲಿ ಇಂಥವೇ ಮೂರು ಚಿತ್ರಗಳಿದ್ದವು. ಮನೆಗೆ ಹೋದವರಿಗೆ ಕಾಫಿ ಕೊಡುವ ಮೊದಲು ಆ ಮೂವರ ಪರಿಚಯವಾಗಬೇಕು.

“ನೋಡಿ ವಿಜಯ್, ಇವರೆಲ್ಲ ಆ ಕಾಲದ ಲಂಡನ್ ಸಿಟಿಯ ಘಟಾನುಘಟಿಗಳು. ಇವರು ಬ್ಯಾಂಕರು, ಇವರು ಜಡ್ಜು, ಇವರು ಮೇಯರು. ಒಂದು ವಾರಪತ್ರಿಕೆಯವರು ಇಂಥವರನ್ನ ಅಣಕಿಸಿ ಚಿತ್ರ ಅಚ್ಚು ಹಾಕಿಸೋರು. ಅದರಲ್ಲಿ ಅಣಕಿಸಿಕೊಳ್ಳೋಕೆ ಜನ ಸಾಲು ನಿಲ್ತಿದ್ರಂತೆ ಸ್ವಾಮಿ! ಇದೆಲ್ಲ ಒಂದು ಟೇಸ್ಟು.”

ಟೇಸ್ಟು ಎಂಬ ಮಾತು ವಿಜಿಯ ಎದೆಗೆ ಮುಳ್ಳಿನಂತೆ ನಾಟಿತ್ತು. ಅವನ ಮನೆಯ ಗೋಡೆಯಲ್ಲಿ ಇದ್ದದ್ದು ಇಂಡಿಯನ್ ಅಂಗಡಿಯ ಕ್ಯಾಲೆಂಡರು ಮಾತ್ರ. ಹೊಸದಾಗಿ ಸಿದ್ಧವಾದ ಬೇಸ್‌ಮೆಂಟಿನಲ್ಲಿ ದೊರೆಯನ್ನು ತೂಗುಹಾಕಿ, ಎದುರಿಗೆ ಸೋಫಾ ಎಳೆದು ಕುಳಿತ.

“ಯಾರ್ರೀ ಇದು?” ಎಂದಳು ಹೆಂಡತಿ ಭಾನುಪ್ರಿಯಾ.

“ಲಂಡನ್ನಿನ ದೊಡ್ಡ ಮನುಷ್ಯ.”

“ಪೈಪು?”

ವಿಜಿ ಎದ್ದು, ಓರೆಯಾಗಿರದ ಚಿತ್ರವನ್ನು ನೆಟ್ಟಗೆ ಮಾಡಿದ.

ಮರುವಾರ ಕೆ.ಆರ್. ಪೇಟೆಯಿಂದ ತಾಯಿ ಸುವರ್ಣಮ್ಮ ಬಂದಿಳಿದರು. ಹಿರಿಯ ಮಗ ಹರಿಯ ಮನೆಯಲ್ಲಿದ್ದವರು, ಆರು ತಿಂಗಳು ಕಿರಿಯವನ ಬಳಿ ಇದ್ದು ಹೋಗಲು ಬಂದಿದ್ದರು. ಪೆಟ್ಟಿಗೆಯಲ್ಲಿ ರಾಗಿ ಹಿಟ್ಟು, ಸಾಂಬ್ರಾಣಿ, ಸೀರೆಯ ಮಡಿಕೆಯೊಳಗೆ ಒಂದು ಕಟ್ಟು ಬೀಡಿ. ಬೀಡಿಯನ್ನು ಕಂಡು ವಿಜಿ ಹೌಹಾರಿದ.

“ಯಾರಿಗವ್ವಾ ಇದು?”

“ಮಾವನೋರ್ಗೆ ಕಣ್ಲಾ. ಮಾರ್ನಾಮಿ ಅಮಾಸೆ ಬತ್ತಲ್ಲ, ಎಡೆ ಇಕ್ಬೇಡ್ವಾ? ನಿಮ್ಮೂರಲ್ಲಿ ಗಣೇಶ ಬೀಡಿ ಸಿಕ್ತದಾ?”

ಸುವರ್ಣಮ್ಮನ ಮಾವ, ಎಂದರೆ ವಿಜಿಯ ತಾತ ತಮ್ಮಣ್ಣಗೌಡರು, ತೆಂಡೇಕೆರೆ ಸಂತೆಯಲ್ಲಿ ದನದ ದಲ್ಲಾಳಿಯಾಗಿದ್ದವರು. ಗಂಡ ಹೋದ ಮೇಲೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಿಂತ ಸೊಸೆಗೆ ‘ತೌರಿಗೆ ಹೋಗು’ ಎನ್ನದೆ, ಎತ್ತು ಮಾರಿಸಿದ ಕಾಸಿನಲ್ಲಿಯೇ ಇಬ್ಬರನ್ನೂ ಓದಿಸಿದವರು. ಪಂಚೆಯ ಮೇಲೆ ಕರಿಕೋಟು, ಕಂಕುಳಲ್ಲಿ ಕೊಡೆ, ಹೆಗಲಲ್ಲಿ ಟವಲು. ಆ ಟವಲಿನ ಮರೆಯಲ್ಲಿ ಮಾರುವವನ ಬೆರಳು ಹಿಡಿದು, ಕೊಳ್ಳುವವನ ಬೆರಳು ಹಿಡಿದು, ಒಂದು ಮಾತೂ ಆಡದೆ ಬೆಲೆ ಕುದುರಿಸುತ್ತಿದ್ದರು. ಇಂಥ ಮನುಷ್ಯನದು ಒಂದೇ ಒಂದು ಫೋಟೋ ಇರಲಿಲ್ಲ. ಊರಿಗೆ ಫೋಟೋದವನು ಬಂದ ದಿನವೆಲ್ಲ ಅವರು ಸಂತೆಯಲ್ಲಿರುತ್ತಿದ್ದರು. ಪಡಿತರ ಚೀಟಿಯಲ್ಲಿ ಅವರ ಹೆಸರಿನ ಪಕ್ಕ ಯಾವುದೋ ಹೆಂಗಸಿನ ಚಿತ್ರವಿತ್ತು; ಕೇಳಿದರೆ, “ಅಕ್ಕಿ ಸರ್ಯಾಗಿ ಕೊಡ್ತಾವ್ರಲ್ಲ, ಇರ್ಲಿ ಬುಡು” ಎಂದಿದ್ದರಂತೆ. ಹೀಗಾಗಿ ಹಿರಿಯರ ಹಬ್ಬದಲ್ಲಿ ಊರಿನವರೆಲ್ಲ ಫೋಟೋದ ಮುಂದೆ ಎಡೆಯಿಟ್ಟರೆ, ಸುವರ್ಣಮ್ಮ ತಾಮ್ರದ ಚೊಂಬಿನ ಮುಂದೆ ಇಡುತ್ತಿದ್ದರು. ಅದೊಂದು ಕೊರಗು.

ಹೋದ ವರ್ಷ ಫೋನಿನಲ್ಲಿ ತಾಯಿ ಈ ಕೊರಗು ಹೇಳಿಕೊಂಡಾಗ ವಿಜಿ, “ಇಲ್ಲಿ ಬಾಯಲ್ಲಿ ಹೇಳಿದ್ರೆ ಸಾಕು, ಹಂಗೇ ಬರೆದುಕೊಡೋರು ಇದಾರೆ ಕಣವ್ವ. ನಾನು ಬರೆಸ್ತೀನಿ” ಎಂದುಬಿಟ್ಟಿದ್ದ. ಆಕೆ ಮೂಗು, ಹೊಟ್ಟೆ, ಕೋಟು, ಕೊಡೆ ಎಲ್ಲವನ್ನೂ ವಿವರವಾಗಿ ಒಪ್ಪಿಸಿದ್ದರು. ಆಗ ವಿಜಿ ಹೈವೇಯಲ್ಲಿ ಡ್ರೈವ್ ಮಾಡುತ್ತಿದ್ದ. ಮುಂದಿನ ಎಕ್ಸಿಟ್ಟಿನಲ್ಲಿ ಇಳಿಯುವಷ್ಟರಲ್ಲಿ ಎಲ್ಲ ಮರೆತಿದ್ದ.

ಬಂದ ಎರಡನೆಯ ದಿನ ಸುವರ್ಣಮ್ಮ ಒಣಬಟ್ಟೆ ತರಲು ಬೇಸ್‌ಮೆಂಟಿಗೆ ಇಳಿದರು. ಮೇಲಿದ್ದವರಿಗೆ ಮೊದಲು ಬಟ್ಟೆಯ ಬುಟ್ಟಿ ಬಿದ್ದ ಸದ್ದು ಕೇಳಿಸಿತು. ಆಮೇಲೆ ಅಳು. ವಿಜಿ ಓಡಿದ. ತಾಯಿ ಚಿತ್ರದ ಮುಂದೆ ಸೆರಗು ಹೊದ್ದು ಕೈಮುಗಿದು ನಿಂತಿದ್ದರು.

“ಬರೆಸ್ಬುಟ್ಯಲ್ಲಪ್ಪಾ! ಒಂದ್ ಮಾತೂ ಹೇಳ್ದೆ ಬರೆಸಿ ಮಡ್ಗಿದ್ಯಲ್ಲೋ! ನೋಡು, ಅದೇ ಮೂಗು. ಟವಲ್ ಕೆಳಗೆ ಕೈ ನೋಡ್ಲಾ, ಯಾವ್ದೋ ಎತ್ತಿನ ಯಾಪಾರ ಮಾಡ್ತಾವ್ರೆ!”

ವಿಜಿ ಬಾಯಿ ಬಿಡಬೇಕಾದ ಗಳಿಗೆ ಅದೇ. ಅವನು “ಹೂಂ” ಎಂದ. ಲೋಕದ ದೊಡ್ಡ ಸುಳ್ಳುಗಳನ್ನೆಲ್ಲ ತುಟಿ ತೆರೆಯದೆಯೇ ಹೇಳಬಹುದು.

“ತಲೆ ಒಸಿ ದಪ್ಪ ಆಯ್ತು.”

“ಅದು... ಕಲಾವಿದ ಮುಖಕ್ಕೆ ಪ್ರಾಮುಖ್ಯ ಕೊಟ್ಟವನೆ ಕಣವ್ವ.”

“ಪಂಚೆ ಎಲ್ಲೋ?”

“ಅಮೆರಿಕದೋನಲ್ವಾ, ಅವನಿಗೆ ಪಂಚೆ ಬರೆಯಾಕೆ ಬರಲ್ಲ.”

“ಸರಿ ಬುಡು. ಚಳಿ ದೇಸ. ಬೂಟಿರ್ಲಿ.”

ಸಂಜೆಯೊಳಗೆ ದೊರೆಯ ಹಣೆಗೆ ವಿಭೂತಿ ಕುಂಕುಮ ಬಂತು. ಮೂಗಿನ ಎರಡು ಪಕ್ಕಕ್ಕೂ ಇಳಿಯುವಂತೆ ಪ್ಲಾಸ್ಟಿಕ್ ಚೆಂಡುಹೂವಿನ ಹಾರ ಬಂತು. ಇಂಗ್ಲಿಷ್ ಸಾಲು ಕಾಣದಿರಲೆಂದು ವಿಜಿ ತಾನೇ ಇನ್ನೊಂದು ಹಾರವನ್ನು ಕೆಳಗೆ ಅಡ್ಡ ಕಟ್ಟಿದ. ಮಗನ ಭಕ್ತಿಗೆ ತಾಯಿಯ ಕಣ್ಣು ಮತ್ತೊಮ್ಮೆ ತುಂಬಿತು.

“ನೀವು ಹೇಳ್ತೀರೋ, ನಾನು ಹೇಳ್ಲೋ?” ಎಂದಳು ಭಾನುಪ್ರಿಯಾ, ಅಡುಗೆಮನೆಯಲ್ಲಿ.

“ನಾಳೆ ಹೇಳ್ತೀನಿ.”

ನಾಳೆಯ ಮೊದಲೇ ವಾಟ್ಸಾಪಿನ ವಿಡಿಯೋದಲ್ಲಿ ಇಡೀ ವಂಶ ಬಂದು ದರ್ಶನ ಮಾಡಿಕೊಂಡಿತು. ಮದ್ದೂರಿನ ಚಿಕ್ಕತ್ತೆ “ಅಪ್ಪಾ!” ಎಂದು ಫೋನನ್ನೇ ಕಣ್ಣಿಗೆ ಒತ್ತಿಕೊಂಡಿದ್ದರಿಂದ ಇತ್ತಲಿನವರಿಗೆ ಅರ್ಧ ಗಂಟೆ ಕತ್ತಲೆ ಕಾಣಿಸಿತು. ನಾಗಮಂಗಲದ ದೊಡ್ಡಪ್ಪನೊಬ್ಬರು ಮಾತ್ರ, “ತಮ್ಮಣ್ಣಗೌಡ್ರು ಬೂಟು ಯಾವಾಗ ಹಾಕಿದ್ರು?” ಎಂದು ಅನುಮಾನ ತೆಗೆದರು. ಅಣ್ಣ ಹರಿ ತಕ್ಷಣ ಅವರ ಮೇಲೆ ಬಿದ್ದ.

“ಹಾಕಿದ್ರು ದೊಡ್ಡಪ್ಪ! ನಾನೇ ಕಣ್ಣಾರೆ ನೋಡಿವ್ನಿ. ಮಂಡ್ಯದಲ್ಲಿ ಕಲೆಕ್ಟರ್ನ ನೋಡಕ್ ಹೋದಾಗ.”

ವಿಜಿ ಬೆಚ್ಚಿದ. ಸುಳ್ಳು ಹೇಳಿದವನು ತಾನು. ಅದಕ್ಕೆ ಸಾಕ್ಷಿ ಹೇಳಲು ಮನೆಮಂದಿ ತಾವಾಗಿಯೇ ಮುಂದೆ ಬರುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ದೊಡ್ಡಪ್ಪನಿಗೂ ಬೂಟು ನೆನಪಾಯಿತು. ಅದು ಕಿರ್ರೆನ್ನುತ್ತಿತ್ತಂತೆ.

ಅಲ್ಲಿಗೂ ಮುಗಿಯಲಿಲ್ಲ. ಹಬ್ಬದ ಹಿಂದಿನ ದಿನ ಹರಿ ಒಂದು ಚಿತ್ರ ಕಳಿಸಿದ. ಊರಿನ ಬಸ್ ನಿಲ್ದಾಣದಲ್ಲಿ ಆಳೆತ್ತರದ ಫ್ಲೆಕ್ಸು. ನಡುವೆ ಲಂಡನ್ ದೊರೆ, ಕೆಳಗೆ ‘ರೈತಬಂಧು, ಬಸವಪ್ರಿಯ, ಸಂತೆಯ ಸಿಂಹ ದಿ. ತಮ್ಮಣ್ಣಗೌಡರು’. ನಾಲ್ಕು ಮೂಲೆಯಲ್ಲಿ ಹರಿ ಮತ್ತು ಗೆಳೆಯರು ಮೊಬೈಲನ್ನು ಕಿವಿಗಿಟ್ಟುಕೊಂಡು ಗಂಭೀರವಾಗಿ ನಿಂತಿದ್ದರು. ಫ್ಲೆಕ್ಸಿನ ಮುಂದೆ ಒಬ್ಬ ಹಳೆಯ ದನದ ವ್ಯಾಪಾರಿ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದ.

“ರೀ, ಈಗ?” ಎಂದಳು ಭಾನುಪ್ರಿಯಾ.

“ಹಬ್ಬ ಕಳೀಲಿ.”

“ಹಬ್ಬ ಕಳೆದ ಮೇಲೆ ಹೇಳಿದ್ರೆ ಪ್ರಯೋಜನ ಏನು? ಅತ್ತೆ ಬೆಳಿಗ್ಗೆ ಏನಂದ್ರು ಕೇಳಿಸ್ಕೊಂಡ್ರಾ?”

ಕೇಳಿಸಿಕೊಂಡಿದ್ದ. ಮೊಮ್ಮಗಳು ಮಾಳವಿಕಾ, “ಅಜ್ಜಿ, ವೈ ಡು ವಿ ಫೀಡ್ ಹಿಮ್?” ಎಂದಾಗ ಸುವರ್ಣಮ್ಮ ವಡೆಯ ಹಿಟ್ಟು ರುಬ್ಬುತ್ತ ಹೇಳಿದ್ದರು: “ವರ್ಸಕ್ಕೆ ಒಂದೇ ದಿನ ಕಣ್ ಮಗ ಅವ್ರು ಮನೆಗೆ ಬರೋದು. ಅವತ್ತು ಅವ್ರ ಎಲೇಲಿ ಬೇರೆಯೋರು ಕುಂತ್ಬುಟ್ರೆ, ಬಾಗ್ಲಲ್ಲೇ ನಿಂತು ನೋಡಿ, ಹಸ್ಕೊಂಡು ಹೊಂಟೋಯ್ತಾರೆ.”

ದೇವರು ದಿಂಡರೆಂದರೆ ಅಷ್ಟಕ್ಕಷ್ಟೇ ಆಗಿದ್ದ ವಿಜಿಗೆ ಅಂದು ಊಟ ಸೇರಲಿಲ್ಲ. ಮುದ್ದೆ ಮುರಿದರೆ ಸಾಕು, ಬಾಗಿಲಲ್ಲಿ ಕೊಡೆ ಇರುಕಿಕೊಂಡು ನಿಂತ ತಾತ ಕಾಣುತ್ತಿದ್ದರು.

ಅಮಾವಾಸ್ಯೆ ಭಾನುವಾರವೇ ಬಂತು. ಬೇಸ್‌ಮೆಂಟಿನಲ್ಲಿ ಅಂಗಡಿಯ ಫ್ರೋಜನ್ ಬಾಳೆಎಲೆ ಹಾಸಿ, ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಒಂದು ಲೋಟ ಬ್ರಾಂದಿ, ಬೀಡಿ, ಬೆಂಕಿಪೊಟ್ಟಣ, ಹೊಸ ಪಂಚೆ, ಟವಲು ಎಲ್ಲ ಜೋಡಿಸಿದ್ದಾಯಿತು. ಸುವರ್ಣಮ್ಮ ತೆಂಗಿನಕಾಯಿ ಒಡೆದು, “ಬನ್ನಿ ಮಾವ, ದೂರ ಆಯ್ತು ಅಂತ ಬೇಜಾರ್ ಮಾಡ್ಕಬೇಡಿ, ಉಣ್ಣಿ” ಎಂದು ಕರೆದು, ಕೆಂಡದ ಮೇಲೆ ಸಾಂಬ್ರಾಣಿಯನ್ನು ಧಾರಾಳವಾಗಿ ಸುರಿದರು.

ಊರಿನ ಹಂಚಿನ ಮನೆಯಾಗಿದ್ದರೆ ಹೊಗೆ ಸಂದಿಯಲ್ಲಿ ನುಸುಳಿ ಹೋಗುತ್ತಿತ್ತು. ಇಲ್ಲಿ ಅದು ಸೀದಾ ಸೀಲಿಂಗಿನ ಅಲಾರಮ್ಮಿಗೆ ಹೋಯಿತು. ಮನೆಯ ಅಲಾರಮ್ಮುಗಳೆಲ್ಲ ಒಟ್ಟಿಗೆ ಕಿರುಚಿಕೊಂಡು, ತಾವಾಗಿಯೇ ಅಗ್ನಿಶಾಮಕ ಠಾಣೆಗೂ ಸುದ್ದಿ ಮುಟ್ಟಿಸಿದವು. ಸ್ಟೂಲು ಹತ್ತಿ ಟವಲು ಬೀಸಿದ ವಿಜಿ, ಸ್ಟೂಲಿನಿಂದ ಇಳಿಯುವಷ್ಟರಲ್ಲಿ ಬೀದಿಯಲ್ಲಿ ಕೆಂಪು ಲಾರಿಯ ಕೂಗು.

ಹೆಲ್ಮೆಟ್ಟು ಹಾಕಿದ ಮೂವರು ಅಗ್ನಿಶಾಮಕ ದಳದವರು ಧಡಧಡ ಮೆಟ್ಟಿಲಿಳಿದು ಬಂದರು. ಸುವರ್ಣಮ್ಮ ಎಡೆಗೆ ಅಡ್ಡಲಾಗಿ ಕೈ ಚಾಚಿ ನಿಂತರು.

“ಬೂಟ್ ಬುಡ್ರಪ್ಪಾ! ಎಡೆ ಇಕ್ಕಿದೆ!”

ಕನ್ನಡ ತಿಳಿಯದಿದ್ದರೂ ಆ ದನಿ ಯಾವ ದೇಶದವನಿಗಾದರೂ ತಿಳಿಯುತ್ತಿತ್ತು. ಮೂವರೂ ಅಲ್ಲೇ ನಿಂತರು. ದಳದ ಮುಖ್ಯಸ್ಥ ಭಾರಿ ಆಳು. ಹಾರ ಹಾಕಿದ ಚಿತ್ರ, ದೀಪ, ಊಟ, ಬ್ರಾಂದಿ ಎಲ್ಲವನ್ನೂ ಒಂದೊಂದಾಗಿ ನೋಡಿ ಹೆಲ್ಮೆಟ್ಟು ತೆಗೆದು ಎದೆಗೆ ಹಿಡಿದುಕೊಂಡ.

“ಐ ಆಮ್ ಸೋ ಸಾರಿ ಸರ್. ನಿಮ್ಮ ತಂದೆಯೇ?”

“ತಾತ.”

ಅವನು ಚಿತ್ರವನ್ನೂ ವಿಜಿಯನ್ನೂ ಮತ್ತೆ ಚಿತ್ರವನ್ನೂ ನೋಡಿದ. “ಅವರು... ತುಂಬಾ ಬೆಳ್ಳಗಿದ್ದರು.”

“ಯಾವಾಗಲೂ ಕೊಡೆ ಹಿಡಿಯುತ್ತಿದ್ದರು” ಎಂದ ವಿಜಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಬೆಂಕಿಯಿಲ್ಲವೆಂದು ಖಾತ್ರಿಯಾಗಿ, ಮೂವರಿಗೂ ಕೈಗೊಂದು ಕಜ್ಜಾಯ ಸಿಕ್ಕಿ, ಅವರು ಮೆಟ್ಟಿಲು ಹತ್ತುವ ಹೊತ್ತಿಗೆ ಎದುರಿನಿಂದ ರವಿಶಂಕರರು ಓಡಿಬಂದರು. ಅವರ ಬೆನ್ನಿಗೇ, ಆನ್ ಆರ್ಬರ್‌ನ ಯೂನಿವರ್ಸಿಟಿಯಲ್ಲಿ ಕಲೆಯ ಇತಿಹಾಸ ಓದುತ್ತಿದ್ದ ಮಗಳು ತನಿಷಾ.

“ಏನ್ರೀ ವಿಜಯ್, ಏನಾಯ್ತು? ಲಾರಿ ನೋಡಿ ಎದೆ ಒಡೆದುಹೋಯ್ತು...” ಎನ್ನುತ್ತಿದ್ದವರು ಗೋಡೆ ನೋಡಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. ವಿಜಿ ಅವರಿಗೆ ಕಣ್ಣಿನಿಂದ, ಹುಬ್ಬಿನಿಂದ, ಕೊನೆಗೆ ಕಿವಿಯಿಂದಲೂ ಸನ್ನೆ ಮಾಡಿದ. ರವಿಶಂಕರರಿಗೆ ಅದು ಅರ್ಥವಾಯಿತು. ತನಿಷಾ ಮಾತ್ರ ಅವನತ್ತ ನೋಡುತ್ತಿರಲಿಲ್ಲ.

“ಓ ಮೈ ಗಾಡ್, ಅಂಕಲ್! ಇದು ನಮ್ಮನೇಲಿರೋ ಥರದ್ದೇ ಪ್ರಿಂಟ್!” ಎನ್ನುತ್ತ ಅವಳು ಕೆಳಗಿನ ಹಾರ ಸರಿಸಿದಳು. “ಇವ್ರನ್ನ ನಾವು ಕ್ಲಾಸಲ್ಲಿ ಓದಿದೀವಿ, ಲಂಡನ್ ಸಿಟಿಯ ಬ್ರೋಕರ್. ಹಿ ಇಸ್ ಗಾರ್ಜಿಯಸ್! ಯಾಕೆ ಹೂ ಹಾಕಿದೀರಾ?”

ಅಲಾರಮ್ಮು ನಿಂತಿದ್ದರಿಂದ ಎಲ್ಲರಿಗೂ ಚೆನ್ನಾಗಿಯೇ ಕೇಳಿಸಿತು.

ಸುವರ್ಣಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಲಂಡನ್ನೂ ಬ್ರೋಕರೂ ಕೆ.ಆರ್. ಪೇಟೆಯಲ್ಲಿ ಯಾರಿಗೆ ತಿಳಿಯದು? ಅವರು ಚಿತ್ರ ನೋಡಿದರು, ಮಗನನ್ನು ನೋಡಿದರು. ವಿಜಿ ಬೆಂಕಿಪೊಟ್ಟಣವನ್ನು ನೋಡುತ್ತಿದ್ದ.

“ವಿಜಿ. ಇವ್ರು ಯಾರ್ಲಾ?”

“ಯಾರೋ ಇಂಗ್ಲಿಷಿನೋರು ಕಣವ್ವ. ಹಿಂದಿನ್ ಬೀದೀಲಿ ಮಾರ್ತಿದ್ರು, ತಂದೆ. ತಾತಂದು ಬರೆಸ್ಬೇಕು ಅಂದಿದ್ದು ನಿಜ. ಮರ್ತುಬುಟ್ಟೆ. ನೀನು ಅಷ್ಟು ಸಂತೋಷ ಪಟ್ಟಾಗ...”

“ಹಂಗಾರೆ ಮಾವನೋರು ಎಲ್ಲವ್ರೆ ಈಗ?”

ಆ ಪ್ರಶ್ನೆಗೆ ಯಾರೂ ನಗಲಿಲ್ಲ. ವಿಜಿ ತನಗರಿವಿಲ್ಲದೆ ಮೆಟ್ಟಿಲಿನ ಕಡೆ ತಿರುಗಿ ನೋಡಿದ. ತಾಯಿಯೂ ಅಲ್ಲಿಗೇ ನೋಡಿದರು.

“ಬಾಗ್ಲಲ್ಲಿ ನಿಲ್ಲುಸ್ಬುಟ್ಯಲ್ಲೋ” ಎಂದರು ಮೆಲ್ಲಗೆ.

ವಿಜಿ ನೆಗೆದು ಚಿತ್ರದ ಕಟ್ಟಿಗೆ ಕೈಹಾಕಿದ. “ಇವನ್ನ ಈಗ್ಲೇ ತೆಗೆದಾಕ್ತೀನವ್ವ!”

“ಕೈ ತೆಗೀಲಾ!” ಸುವರ್ಣಮ್ಮ ಗದರಿದ ಗದರಿಕೆಗೆ ರವಿಶಂಕರರು ಗೋಡೆಯಿಂದ ಕೈ ತೆಗೆದರು. “ಕೂಗಿ ಕರ್ದಿವ್ನಿ, ಎಲೆ ಹಾಕಿವ್ನಿ. ಉಣ್ತಾ ಕುಂತೋರ್ನ ಯಾರಾರ ಎಬ್ಬುಸ್ತಾರಾ? ತಪ್ಪು ನಿಂದು. ಆ ಪರದೇಸಿ ಏನ್ ಮಾಡ್ದ?” ಆಮೇಲೆ ತನಿಷಾಳ ಕಡೆ ತಿರುಗಿ ಕೇಳಿದರು: “ಮಗಾ, ಬ್ರೋಕರು ಅಂದ್ಯಲ್ಲ, ದಲ್ಲಾಳಿ ತಾನೆ?”

“ಹೂಂ ಅಜ್ಜಿ. ಒಬ್ರ ಹತ್ರ ಕೊಡಿಸಿ ಇನ್ನೊಬ್ರಿಗೆ... ಆ ಥರ. ಆದ್ರೆ ಇದು ರೆಸ್ಪೆಕ್ಟಿಗೆ ಬರೆದಿದ್ದಲ್ಲ ಅಜ್ಜಿ. ಆಡ್ಕೊಂಡು ನಗೋಕೆ ಬರೆದಿದ್ದು. ಅದಕ್ಕೇ ಮೂಗು ಅಷ್ಟು ದೊಡ್ಡದು.”

ಸುವರ್ಣಮ್ಮ ಆ ಮೂಗನ್ನು ಬಹಳ ಹೊತ್ತು ನೋಡಿದರು.

“ಆಡ್ಕೊಂಡಾದ್ರೂ ಬರ್ದವ್ರಲ್ಲವ್ವಾ. ನಮ್ಮಾವನ್ನ ಆಡ್ಕೊಂಡು ನಗಾಕೂ ಒಬ್ಬ ಬರೆಯೋನು ಬರ್ಲಿಲ್ಲ.”

ಅಷ್ಟು ಹೇಳಿ ಸೆರಗು ಸಿಕ್ಕಿಸಿಕೊಂಡರು. “ಭಾನು, ಇನ್ನೊಂದ್ ಎಲೆ ತತ್ತಾ. ಮಾಳವಿಕಾ, ನಿಮ್ಮಪ್ಪನ ಕೊಡೆ. ವಿಜಿ, ನಿನ್ ಕರಿಕೋಟು.”

ವಿಜಿ ಇಂಟರ್‌ವ್ಯೂಗೆಂದು ಹೊಲಿಸಿದ್ದ ಕೋಟನ್ನು ಕುರ್ಚಿಯ ಬೆನ್ನಿಗೆ ತೊಡಿಸಿದರು. ತೋಳಿನ ಸಂದಿಯಲ್ಲಿ ಕೊಡೆ. ಕುರ್ಚಿಯ ಮೇಲೆ ಚೊಂಬು, ತಾಮ್ರದ್ದಿರಲಿಲ್ಲ, ಸ್ಟೀಲಿನದು. ಹೊಸ ಪಂಚೆಯನ್ನೂ ಟವಲನ್ನೂ ದೊರೆಯ ಮುಂದಿನಿಂದ ಎತ್ತಿ ಕುರ್ಚಿಗೆ ಹೊದಿಸಿ, “ನಿಮ್ಗೆ ಬೂಟು ಅದೆಯಲ್ಲ ಸ್ವಾಮಿ” ಎಂದು ದೊರೆಗೆ ಸಮಾಧಾನ ಹೇಳಿದರು. ಬೀಡಿಯ ಕಟ್ಟನ್ನು ಸಮವಾಗಿ ಹಂಚಿದರು. ಊರಿನ ಚೊಂಬಿನಂತೆಯೇ ಇದಕ್ಕೂ ತಲೆ ಇಲ್ಲ, ಮೂಗಿಲ್ಲ. ಆದರೂ ಕೋಟಿನ ಭುಜ ಒಂದು ಕಡೆಗೆ ಜೋಲಿದ ರೀತಿ ನೋಡಿ ವಿಜಿ, ಸರಿಮಾಡಲು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡ. ತಾತ ಸಂತೆಯಿಂದ ಬಂದು ಜಗಲಿಯಲ್ಲಿ ಕೂತಾಗ ಹೀಗೆಯೇ ಜೋಲುತ್ತಿತ್ತು.

“ಬನ್ನಿ ಮಾವ” ಎಂದರು ಸುವರ್ಣಮ್ಮ ಮೆಟ್ಟಿಲಿನ ಕಡೆಗೆ. “ಹುಡ್ಗ ತಿಳೀದೆ ಮಾಡ್ದ. ನೆಂಟ್ರು ಒಬ್ರು ಬಂದವ್ರೆ, ನಿಮ್ಮ ಕಸುಬಿನೋರೇ. ಕುಂತ್ಕಳಿ.”

ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ಎಲ್ಲರೂ ಹೊರಗೆ ಬಂದು ಬೇಸ್‌ಮೆಂಟಿನ ಬಾಗಿಲು ಮುಚ್ಚಿ ಮೆಟ್ಟಿಲ ಮೇಲೆ ಸಾಲಾಗಿ ಕುಳಿತರು. ಹರಿಯ ಫೋನು ಬಂತು. ಸುವರ್ಣಮ್ಮ ನಾಲ್ಕೇ ಮಾತಿನಲ್ಲಿ ವಿಷಯ ತಿಳಿಸಿದರು. “ಬೂಟು ಹಾಕಿದ್ದಂತೂ ನಿಜ ಕಣವ್ವಾ” ಎಂದ ಹರಿ. “ಫ್ಲೆಕ್ಸು ತೆಗೆಸ್ಲಾ?”

“ಇರ್ಲಿ ಬುಡು. ದೂರದಿಂದ ಬಂದೋರ್ಗೆ ಒಂದೆರಡ್ ಜನ ಕೈಮುಗುದ್ರೆ ನಮ್ದೇನ್ ಹೋಯ್ತು.”

ರವಿಶಂಕರರು ಬಾಡಿನ ಘಮಕ್ಕೆ ಕರವಸ್ತ್ರ ಮೂಗಿಗೆ ಹಿಡಿದು ಒಂದು ಮೆಟ್ಟಿಲು ಮೇಲೆ ಕೂತಿದ್ದರು. ಸುವರ್ಣಮ್ಮ ಅವರತ್ತ ತಿರುಗಿದರು.

“ನಿಮ್ಮ ಗೋಡೆ ಮ್ಯಾಲೂ ಇಂತೋರು ಮೂರ್ ಜನ ಅವ್ರಂತಲ್ಲ ಸ್ವಾಮಿ. ಅವ್ರಿಗೆ ಎಡೆ ಇಕ್ತೀರಾ?”

“ಇಲ್ಲ... ಅವರು ಸುಮ್ನೆ... ಅಲಂಕಾರಕ್ಕೆ...”

“ಅಯ್ಯೋ, ಎಷ್ಟ್ ವರ್ಸದಿಂದ ಉಪಾಸ ಕೆಡವಿದ್ದೀರಪ್ಪಾ! ಮುಂದ್ಲ ವರ್ಸ ಕರ್ಕಂಬನ್ನಿ. ನಿಮ್ಗೆ ಬೇರೆ ಒಲೇಲಿ ಪಾಯ್ಸ ಮಾಡ್ತೀನಿ.”

ರವಿಶಂಕರರು ಕರವಸ್ತ್ರ ಇಳಿಸಿದರು. ಬ್ಯಾಂಕರು, ಜಡ್ಜು, ಮೇಯರು ಮೂವರೂ ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಂತೆ ಅವರಿಗೆ ಕಂಡಿರಬೇಕು.

“ಡ್ಯಾಡ್, ವಾಟ್ ಡಿಡ್ ಹಿ ಲುಕ್ ಲೈಕ್? ರಿಯಲ್ ತಾತ?” ಎಂದಳು ಮಾಳವಿಕಾ.

ವಿಜಿ ಬಾಯಿ ತೆರೆದ. ಮೂಗು ಎನ್ನೋಣವೆಂದರೆ ದೊರೆಯ ಮೂಗೇ ಕಣ್ಣಿಗೆ ಬರುತ್ತಿತ್ತು. ಹೊಗೆ ಬೀಸಿ ಹೆಗಲಿಗೆ ಹಾಕಿಕೊಂಡಿದ್ದ ಟವಲನ್ನು ತೆಗೆದು ಮಗಳ ಕೈಮೇಲೆ ಹೊದಿಸಿ, ಅದರ ಅಡಿಗೆ ತನ್ನ ಕೈಯನ್ನೂ ತೂರಿಸಿದ. ಸಂತೆಗೆ ಹೋಗುವ ಗಾಡಿಯಲ್ಲಿ ತಾತ ಅವನ ಕೈಯನ್ನು ಹೀಗೆಯೇ ಟವಲಿನೊಳಗೆ ಎಳೆದುಕೊಂಡು ಆಟವಾಡಿಸುತ್ತಿದ್ದರು. ಒರಟು ಅಂಗೈ, ಹುಲ್ಲಿನ ವಾಸನೆ.

“ಹೀಗಿದ್ರು” ಎಂದು ಅವಳ ಎರಡು ಬೆರಳು ಒತ್ತಿದ. “ಇದು ಇನ್ನೂರು. ಆ ಕಪ್ಪು ಎತ್ತಿಗೆ. ನೀನು ಏನಂತೀಯಾ?”

ಅವಳು ಯೋಚಿಸಿ ಅವನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದಳು.

“ಅಯ್ಯೋ, ಜಾಸ್ತಿ ಆಯ್ತು!” ಎಂದ ವಿಜಿ. ಅವಳು ಕೈ ಬಿಡಲಿಲ್ಲ. ಟವಲಿನ ಕೆಳಗೆ ಇಬ್ಬರೂ ಜಗ್ಗಾಡಿದರು.

“ಅತ್ತೆ, ಸಾರು ಆರೋಗುತ್ತೆ. ಬಾಗಿಲು ತೆಗೀಲಾ?” ಎಂದು ಭಾನುಪ್ರಿಯಾ ಎದ್ದಳು.

ಸುವರ್ಣಮ್ಮ ಅವಳ ಸೆರಗು ಹಿಡಿದು ಕೂರಿಸಿದರು.

“ತಡ್ಯವ್ವಾ. ಒಳಗಿರೋರು ಇಬ್ರೂ ದಲ್ಲಾಳಿಗಳು. ಅಷ್ಟ್ ಬ್ಯಾಗ ಯಾಪಾರ ಮುಗೀತದಾ?”